ಚೌಕ ಬ್ರಾಕೆಟ್ಟಿನೊಳಗಿನ ಜಗಳ

ರಾತ್ರಿ ಹನ್ನೊಂದೂವರೆ. ತುಮಕೂರು ರಸ್ತೆಯ ಪಕ್ಕದಲ್ಲಿ ನಮ್ಮ ಇನ್ನೋವಾ ನಿಂತಿತ್ತು. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್. ಪಕ್ಕದಲ್ಲಿ ಇನ್ನೊಬ್ಬರು, ಅವರ ತೊಡೆಯ ಮೇಲೂ ಲ್ಯಾಪ್‌ಟಾಪ್. ಮಧ್ಯದಲ್ಲಿ ನಾಲ್ಕು ಟೆಸ್ಟ್ ಫೋನು, ಸಿಕ್ಕುಸಿಕ್ಕಾದ ಕೇಬಲ್ಲು. ಪಕ್ಕದಲ್ಲಿ ಕೂತಿದ್ದವರು ನಮ್ಮ ಎದುರಾಳಿ ಕಂಪನಿಯವರು. ಮುಂದಿನ ತಿಂಗಳು ಒಂದು ಆಪರೇಟರ್, ಅಂದರೆ ಮೊಬೈಲ್ ಸೇವೆ ಕೊಡುವ ಕಂಪನಿ, ಕರೆಯಲಿದ್ದ ಟೆಂಡರಿಗೆ ಅವರೂ ಬೆಲೆ ಹಾಕುವವರಿದ್ದರು, ನಾವೂ ಹಾಕುವವರಿದ್ದೆವು.

ಹತ್ತು ವರ್ಷಕ್ಕೂ ಹಿಂದಿನ ಮಾತಿದು. ಬೇಸ್ ಸ್ಟೇಷನ್, ಅಂದರೆ ಮೊಬೈಲ್ ಟವರಿನ ಯಂತ್ರ, ಮಾಡುವ ಕಂಪನಿಯೊಂದರಲ್ಲಿ ನಾನಾಗ ಇಂಟರ್‌ಆಪರೆಬಿಲಿಟಿ ಟೆಸ್ಟಿಂಗ್ ಮಾಡುತ್ತಿದ್ದೆ. ನಮ್ಮ ಬಾಕ್ಸು ಬೇರೆ ಕಂಪನಿಯ ಬಾಕ್ಸಿನ ಜೊತೆ ಸರಿಯಾಗಿ ಮಾತಾಡುತ್ತದಾ ಅಂತ ನೋಡುವ ಕೆಲಸ. ಆ ಆಪರೇಟರ್‌ಗೆ ಹಳೆಯ 3ಜಿ ಕೊಟ್ಟವರು ಅವರು. ಹೊಸ 4ಜಿ ಕೊಟ್ಟವರು ನಾವು. ಒಂದೇ ಟವರಿನ ಮೇಲೆ ಎರಡೂ ಕಂಪನಿಯ ಸಾಮಾನು.

ಆಗಿನ 4ಜಿಯಲ್ಲಿ ಡೇಟಾ ಮಾತ್ರ ಓಡುತ್ತಿತ್ತು. ಕರೆ ಬಂದರೆ ಫೋನು 3ಜಿಗೆ ಇಳಿಯಬೇಕು. ಇಳಿಯುವ ಮೊದಲೇ ಪಕ್ಕದ 3ಜಿಯ ವಿವರವನ್ನು 4ಜಿ ಟವರು ಕೇಳಿ ಇಟ್ಟುಕೊಂಡು ಫೋನಿಗೆ ಹೇಳಿದರೆ ಬೇಗ ಇಳಿಯುತ್ತದೆ. ಇಲ್ಲದಿದ್ದರೆ ಫೋನೇ ಹುಡುಕಿಕೊಳ್ಳಬೇಕು, ಎರಡು ಸೆಕೆಂಡು ಜಾಸ್ತಿ ಹಿಡಿಯುತ್ತದೆ. ಎರಡು ಸೆಕೆಂಡು ತಾನೇ ಅನ್ನಬಹುದು. ಫೋನನ್ನು ಕಿವಿಗೆ ಹಿಡಿದು, ಏನೂ ಸದ್ದಿಲ್ಲದೆ ಎರಡು ಸೆಕೆಂಡು ಕಾದು ನೋಡಿ. ಜನ ಕಟ್ ಮಾಡಿ ಮತ್ತೆ ಡಯಲ್ ಮಾಡುತ್ತಾರೆ.

ನಮ್ಮ 4ಜಿಗೆ ಅವರ 3ಜಿಯ ಆ ವಿವರ ಸಿಗುತ್ತಿರಲಿಲ್ಲ. ಎರಡು ವಾರ ಮೇಲ್ ಮೇಲೆ ಮೇಲ್ ಓಡಾಡಿತು. ನಮ್ಮದು ಸ್ಪೆಕ್ (ಎಲ್ಲ ಕಂಪನಿಗಳೂ ಪಾಲಿಸಬೇಕಾದ ಲಿಖಿತ ನಿಯಮ) ಪ್ರಕಾರವೇ ಇದೆ ಅಂತ ಅವರು. ನಮ್ಮದೂ ಸ್ಪೆಕ್ ಪ್ರಕಾರವೇ ಇದೆ ಅಂತ ನಾವು. ಕೊನೆಗೆ ಆಪರೇಟರ್ ಕಡೆಯವರು ಬೇಸತ್ತು ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಕಳಿಸಿದರು.

ಪಕ್ಕದಲ್ಲಿ ಕೂತಿದ್ದವರು ಧಾರವಾಡದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಲ ಒಂದು ಗಂಟೆ ಇಂಗ್ಲಿಷಿನಲ್ಲೇ ಮಾತು, ಅದೂ ಅಳೆದು ತೂಗಿ. ನೆಲಮಂಗಲ ದಾಟಿದ ಮೇಲೆ ಡ್ರೈವರ್ ಜೊತೆ ಕನ್ನಡದಲ್ಲಿ ಮಾತಾಡಿದಾಗಲೇ ಗೊತ್ತಾಗಿದ್ದು. ಆಮೇಲೆ ಲಾಗ್, ಅಂದರೆ ಯಂತ್ರಗಳು ಬರೆದಿಟ್ಟ ಸಂದೇಶಗಳ ದಾಖಲೆ, ಓದುವ ಕೆಲಸ ಸಲೀಸಾಯಿತು. ಅವರ ಟ್ರೇಸ್, ನನ್ನ ಟ್ರೇಸ್, ಎರಡನ್ನೂ ಪಕ್ಕಪಕ್ಕ ಇಟ್ಟು ಮಿಲಿಸೆಕೆಂಡ್ ಲೆಕ್ಕದಲ್ಲಿ ಹೊಂದಿಸುತ್ತಾ ಹೋದೆವು. ನಾವು ಕೇಳಿದ ಪ್ರಶ್ನೆ ಅವರಿಗೆ ಮುಟ್ಟಿತ್ತು. ಅವರು ತೆರೆಯ ಮೇಲೆ ಒಂದು ಸಾಲಿಗೆ ಬೆರಳಿಟ್ಟರು.

"ನೋಡ್ರಿ, ನಮ್ಮ ಕಡಿಂದ ಉತ್ತರ ಹೋಗೇದ. ನೀವ ತಗೊಳ್ಳವಲ್ರಿ."

ನಿಜ. ಉತ್ತರ ಬಂದಿತ್ತು. ಅದರಲ್ಲಿ ಅವರು ಒಂದು ಐಚ್ಛಿಕ ವಿವರವನ್ನೂ ತುಂಬಿ ಕಳಿಸಿದ್ದರು. ಬೇಡವಾದ ವಿವರ ಬಂದರೆ ಅದನ್ನು ಬಿಟ್ಟು ಉಳಿದದ್ದನ್ನು ಓದಿಕೊಳ್ಳಬೇಕು. ನಮ್ಮ ಸಾಫ್ಟ್‌ವೇರ್ ಇಡೀ ಉತ್ತರವನ್ನೇ ಎಸೆದುಬಿಡುತ್ತಿತ್ತು. ತಪ್ಪು ನಮ್ಮದು. ಎರಡು ವಾರ ನಾವು ಜೋರು ಮಾಡಿದ್ದೆಲ್ಲ ನಮ್ಮ ತಪ್ಪಿನ ಮೇಲೆ ನಿಂತುಕೊಂಡು.

ನನಗೆ ಕೈಕಾಲು ತಣ್ಣಗಾಯಿತು. ಟೆಂಡರ್ ಹೊತ್ತಿನಲ್ಲಿ ಇಂಥ ಮೇಲ್ ಆಪರೇಟರ್‌ಗೆ ಹೋದರೆ ಏನಾಗುತ್ತದೆ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅವರು ಲ್ಯಾಪ್‌ಟಾಪ್ ಮುಚ್ಚಿ ಹೇಳಿದರು: "ನಾ ಮೇಲ್ ಹಾಕೂದಂತೂ ಹಾಕ್ತೀನ್ರಿ. ಆದರ ನಾಳೆ ಮಧ್ಯಾಹ್ನ ಹಾಕ್ತೀನಿ. ಮುಂಜಾನೆ ನೀವ ನಿಮ್ಮವರಿಗೆ ತಿಳಸ್ರಿ. ಪ್ಯಾಚ್ ಯಾವಾಗ ಕೊಡ್ತೀರಿ ಅನ್ನೂದನ್ನ ನೀವ ಮೊದಲ ಬರದರ ಚೊಲೊ."

ಅವರು ತಪ್ಪನ್ನು ಮುಚ್ಚಿಡಲಿಲ್ಲ. ಅವರ ಕಂಪನಿಗೆ ಮೋಸವನ್ನೂ ಮಾಡಲಿಲ್ಲ. ನನಗೆ ಅರ್ಧ ದಿನ ಕೊಟ್ಟರು, ಅಷ್ಟೇ. ಈ ಉದ್ಯಮದಲ್ಲಿ ಎದುರಾಳಿ ಅಂದರೆ ಯಾರು ಅಂತ ನನಗೆ ಮೊದಲ ಸಲ ಅರ್ಥವಾಗಿದ್ದು ಆ ರಾತ್ರಿ.

ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾದ ಮೇಲೂ ಬಾವಿ ಮಾತ್ರ ಒಂದೇ ಉಳಿಯುತ್ತಿತ್ತು. ಜಮೀನು ಬೇರೆ, ಒಲೆ ಬೇರೆ, ಮಾತೂ ನಿಂತುಹೋಗಿರಬಹುದು. ಆದರೆ ಬಾವಿಯ ಹೂಳು ತೆಗೆಯುವ ದಿನ ಎರಡೂ ಮನೆಯವರು ಹಗ್ಗ ಹಿಡಿಯಲೇಬೇಕು. ಟೆಲಿಕಾಂನ ಬಾವಿಯ ಹೆಸರು 3ಜಿಪಿಪಿ, ಮೊಬೈಲ್ ಜಾಲದ ಸ್ಪೆಕ್ ಬರೆಯುವ ಕೂಟ. 1998ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಯುರೋಪ್, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಭಾರತದ ಒಟ್ಟು ಏಳು ಸ್ಟಾಂಡರ್ಡ್ಸ್ ಸಂಸ್ಥೆಗಳು ಇವತ್ತು ಅದರ ಪಾಲುದಾರರು. ಎರಿಕ್ಸನ್, ನೋಕಿಯಾ, ಹುವಾವೇ, ಸ್ಯಾಮ್‌ಸಂಗ್, ಜೆಡ್‌ಟಿಇ, ಕ್ವಾಲ್ಕಾಂ ಕಡೆಯ ಎಂಜಿನಿಯರುಗಳು ವರ್ಷಕ್ಕೆ ಹಲವು ಸಲ ಯಾವುದೋ ಊರಿನ ಹೋಟೆಲಿನಲ್ಲಿ ಸೇರಿ, ವಾರವಿಡೀ ಕೂತು, ಮೊಬೈಲ್ ಜಾಲದ ಭಾಷೆಯನ್ನು ಸಾಲುಸಾಲಾಗಿ ಬರೆಯುತ್ತಾರೆ. ರೇಡಿಯೊ ಕೆಲಸ ನೋಡುವ ಒಂದೇ ಗುಂಪಿನ ಒಂದೇ ಸಭೆಗೆ ಸಾವಿರಕ್ಕೂ ಜಾಸ್ತಿ ದಾಖಲೆ ಬರುತ್ತವೆ. ಇವೆಲ್ಲ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದ ದಾಖಲೆಗಳು. ಯಾವ ಕಂಪನಿ ಏನು ಕೇಳಿತು, ಯಾರು ಬೇಡ ಅಂದರು, ಎಲ್ಲ ಅದರಲ್ಲಿದೆ.

ಅಲ್ಲಿ ವೋಟು ಹಾಕುವುದು ಅಪರೂಪ. ಒಪ್ಪಿಗೆಯಾಗುವವರೆಗೆ ಮಾತು. ಒಂದು ಟೈಮರ್ 10 ಮಿಲಿಸೆಕೆಂಡ್ ಇರಲಿ ಅಂತ ಒಬ್ಬರು, 20 ಇರಲಿ ಅಂತ ಇನ್ನೊಬ್ಬರು ಹಟ ಹಿಡಿದರು ಅನ್ನಿ. ಆಗ ಆ ಸಂಖ್ಯೆಯನ್ನು ಚೌಕ ಬ್ರಾಕೆಟ್ಟಿನಲ್ಲಿ ಹಾಕಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. [20] ಅಂತ. ಬ್ರಾಕೆಟ್ ಇದ್ದರೆ ಇನ್ನೂ ಒಪ್ಪಿಗೆಯಾಗಿಲ್ಲ ಅಂತ ಅರ್ಥ. ಮುಂದಿನ ಸಭೆಗೆ ಇಬ್ಬರೂ ಹೊಸ ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನಲ್ಲಿ ಮಾಡಿ ನೋಡಿದ ಲೆಕ್ಕ, ಹೊತ್ತುಕೊಂಡು ಬರುತ್ತಾರೆ. ಒಂದು ದಿನ ಬ್ರಾಕೆಟ್ ಬಿದ್ದುಹೋಗುತ್ತದೆ. ಸಂಖ್ಯೆ ಉಳಿಯುತ್ತದೆ. ಆಮೇಲೆ ಆ ಸಂಖ್ಯೆ ನಿಮ್ಮ ಫೋನಿನಲ್ಲೂ ಇರುತ್ತದೆ, ನನ್ನ ಫೋನಿನಲ್ಲೂ ಇರುತ್ತದೆ.

ಬಹಳ ಜನ ಸಹಕಾರ ಬೇರೆ, ಪೈಪೋಟಿ ಬೇರೆ ಅಂದುಕೊಂಡಿದ್ದಾರೆ. ಮೊದಲು ಎಲ್ಲರೂ ಕೂತು ನಿಯಮ ಬರೆಯುತ್ತಾರೆ, ಆಮೇಲೆ ಮಾರುಕಟ್ಟೆಗೆ ಹೋಗಿ ಹೊಡೆದಾಡುತ್ತಾರೆ ಅಂತ. ನಾನೂ ಕಾಲೇಜಿನಿಂದ ಹೊರಬಂದಾಗ ಹಾಗೇ ತಿಳಿದಿದ್ದೆ. ಅದು ಹಾಗಲ್ಲ. ಹೊಡೆದಾಟ ಶುರುವಾಗುವುದೇ ಆ ಬ್ರಾಕೆಟ್ಟಿನೊಳಗೆ. ಒಂದು ವಾಕ್ಯದಲ್ಲಿ "ಶಲ್" ಇರಬೇಕಾ "ಮೇ" ಇರಬೇಕಾ ಅಂತ ಗಂಟೆಗಟ್ಟಲೆ ವಾದ ನಡೆಯುತ್ತದೆ. ಮೊದಲನೆಯದಾದರೆ ಎಲ್ಲರೂ ಮಾಡಲೇಬೇಕು. ಎರಡನೆಯದಾದರೆ ಬೇಕಾದವರು ಮಾಡಬಹುದು. ಆ ಒಂದು ಪದದಿಂದ ಒಬ್ಬರ ಚಿಪ್ಪಿಗೆ ಒಂದು ವರ್ಷದ ಕೆಲಸ ಬೀಳಬಹುದು, ಇನ್ನೊಬ್ಬರ ಕೆಲಸ ಆಗಲೇ ಮುಗಿದಿರಬಹುದು. ತುಮಕೂರು ರಸ್ತೆಯಲ್ಲಿ ನಮ್ಮನ್ನು ಕಾಡಿದ್ದೂ ಅಂಥದ್ದೇ ಒಂದು ಐಚ್ಛಿಕ ಸಾಲು.

2016ರ ನವೆಂಬರ್‌ನ ಕಥೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ನೆವಾಡಾದ ರೀನೋ ಊರಿನಲ್ಲಿ ಸಭೆ. 5ಜಿಯಲ್ಲಿ ಯಾವ ಕೋಡಿಂಗ್ ಇರಬೇಕು ಅನ್ನುವ ಪ್ರಶ್ನೆ. ಗಾಳಿಯಲ್ಲಿ ಬರುವಾಗ ಬಿಟ್‌ಗಳು ಕೆಡುತ್ತವೆ. ಕೆಟ್ಟಿದ್ದನ್ನು ಫೋನು ತಾನೇ ಸರಿಮಾಡಿಕೊಳ್ಳಲು ಬೇಕಾದ ಲೆಕ್ಕವೇ ಈ ಕೋಡ್. 3ಜಿ, 4ಜಿಯಲ್ಲಿ ಫ್ರಾನ್ಸಿನ ಕ್ಲೋದ್ ಬೆರ್ರೂ 1993ರಲ್ಲಿ ತೋರಿಸಿಕೊಟ್ಟ ಟರ್ಬೊ ಕೋಡ್ ಇತ್ತು. 5ಜಿಗೆ ಕ್ವಾಲ್ಕಾಂ, ಸ್ಯಾಮ್‌ಸಂಗ್ ಕಡೆಯವರು ಎಲ್‌ಡಿಪಿಸಿ ಅಂದರು. ಹುವಾವೇ ಕಡೆಯವರು ಪೋಲಾರ್ ಅಂದರು. ಟರ್ಬೊವನ್ನೇ ಉಳಿಸಿ ಅನ್ನುವವರೂ ಇದ್ದರು. ಚರ್ಚೆ ನಡುರಾತ್ರಿ ದಾಟಿತು. ಕೊನೆಗೆ ಆದ ತೀರ್ಮಾನ: ಡೇಟಾ ಹೋಗುವ ಚಾನೆಲ್‌ಗೆ ಎಲ್‌ಡಿಪಿಸಿ, ಫೋನಿಗೂ ಟವರಿಗೂ ನಡುವಿನ ಸೂಚನೆಗಳು ಹೋಗುವ ಕಂಟ್ರೋಲ್ ಚಾನೆಲ್‌ಗೆ ಪೋಲಾರ್.

ಹೊರಗಿನಿಂದ ನೋಡಿದರೆ ಪಾಲು ಹಂಚಿಕೊಂಡ ಹಾಗೆ ಕಾಣುತ್ತದೆ. ಅದು ನಿಜ ಕೂಡ. ಆದರೆ ತಾಂತ್ರಿಕವಾಗಿ ತಪ್ಪು ಹಂಚಿಕೆಯೇನೂ ಅಲ್ಲ. ಚಿಕ್ಕ ಸಂದೇಶಗಳಿಗೆ ಪೋಲಾರ್ ಚೆನ್ನಾಗಿ ಹೊಂದುತ್ತದೆ. ದೊಡ್ಡ ಡೇಟಾವನ್ನು ವೇಗವಾಗಿ ಬಿಡಿಸಲು ಎಲ್‌ಡಿಪಿಸಿ ಅನುಕೂಲ. ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ ವಿಷಯ. ಎಲ್‌ಡಿಪಿಸಿ ಕಂಡುಹಿಡಿದವರು ಎಂಐಟಿಯ ರಾಬರ್ಟ್ ಗ್ಯಾಲಗರ್, 1960ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ. ಆಗಿನ ಕಂಪ್ಯೂಟರುಗಳಿಗೆ ಆ ಲೆಕ್ಕ ಭಾರವಾಯಿತು. ಮೂವತ್ತು ವರ್ಷ ಅದು ಹಾಗೇ ಬಿದ್ದಿತ್ತು. ಪೋಲಾರ್ ಕೋಡ್ ಕಂಡುಹಿಡಿದವರು ಟರ್ಕಿಯ ಬಿಲ್ಕೆಂಟ್ ವಿಶ್ವವಿದ್ಯಾಲಯದ ಎರ್ದಾಲ್ ಅರಿಕಾನ್. ಅವರ ಪ್ರಬಂಧ ಅಚ್ಚಾಗಿದ್ದು 2009ರಲ್ಲಿ. ಈ ಅರಿಕಾನ್ ಎಂಐಟಿಯಲ್ಲಿ ಪಿಎಚ್‌ಡಿ ಮಾಡಿದ್ದು ಅದೇ ಗ್ಯಾಲಗರ್ ಕೈಕೆಳಗೆ! ರೀನೋದಲ್ಲಿ ಎರಡು ಪಾಳೆಯ ಕಟ್ಟಿಕೊಂಡು ವಾದಿಸಿದ ಎರಡು ಕೋಡುಗಳಲ್ಲಿ ಒಂದು ಗುರುವಿನದು, ಇನ್ನೊಂದು ಶಿಷ್ಯನದು. ಇವತ್ತು ಪ್ರತಿ 5ಜಿ ಫೋನಿನಲ್ಲೂ ಎರಡೂ ಒಟ್ಟಿಗೆ ಕೆಲಸ ಮಾಡುತ್ತಿವೆ. 2018ರಲ್ಲಿ ಹುವಾವೇ ಅರಿಕಾನ್ ಅವರನ್ನು ಶೆನ್‌ಜೆನ್‌ಗೆ ಕರೆಸಿ ಗೌರವಿಸಿತು.

ಅದೇ 2018ರಲ್ಲಿ ಈ ಸಭೆಯ ಬಿಸಿ ಬೀದಿಗೂ ಬಂತು. ರೀನೋ ಹೊತ್ತಿನಲ್ಲಿ ಚೀನಾದ್ದೇ ಕಂಪನಿಯಾದ ಲೆನೊವೊ ಹುವಾವೇ ಪರ ನಿಲ್ಲಲಿಲ್ಲ ಅಂತ ಚೀನಾದ ಜನ ಇಂಟರ್ನೆಟ್ಟಿನಲ್ಲಿ ಸಿಟ್ಟಾದರು. ಲೆನೊವೊದ ಹಿರಿಯರೇ ಬಹಿರಂಗ ಪತ್ರ ಬರೆದು ಸಮಜಾಯಿಷಿ ಕೊಡಬೇಕಾಯಿತು. ಬಿಟ್ ಸರಿಪಡಿಸುವ ಲೆಕ್ಕವೊಂದು ದೇಶಭಕ್ತಿಯ ಪರೀಕ್ಷೆಯಾಗಿಬಿಟ್ಟಿತು. ಇದು ನನಗೆ ಬೇಸರ ತಂದ ಸಂಗತಿ. ಸಭೆಗೆ ಹೋದ ಎಂಜಿನಿಯರ್ ತನಗೆ ಸರಿ ಕಂಡಿದ್ದನ್ನು ಹೇಳಲು ಹೆದರಿದರೆ ಆ ಬಾವಿಯ ನೀರು ಕೆಡುತ್ತದೆ.

ಅಷ್ಟು ಹಟ ಯಾಕೆ ಅಂದರೆ, ಸ್ಪೆಕ್‌ನ ಸಾಲಿನ ಹಿಂದೆ ಪೇಟೆಂಟ್ ಇರುತ್ತದೆ. ತನ್ನ ಪೇಟೆಂಟ್ ಸ್ಪೆಕ್ ಒಳಗೆ ಹೋದರೆ ಜಗತ್ತಿನ ಪ್ರತಿ ಫೋನೂ ಅದನ್ನು ಬಳಸಲೇಬೇಕು. ಅದಕ್ಕೆ ಪ್ರತಿಯಾಗಿ, ನ್ಯಾಯವಾದ ದರಕ್ಕೆ, ಭೇದವಿಲ್ಲದೆ ಎಲ್ಲರಿಗೂ ಲೈಸೆನ್ಸ್ ಕೊಡುತ್ತೇನೆ ಅಂತ ಕಂಪನಿ ಮಾತು ಕೊಡಬೇಕು. ಎರಿಕ್ಸನ್ 2017ರಲ್ಲಿ 5ಜಿ ಫೋನೊಂದಕ್ಕೆ ಹೆಚ್ಚೆಂದರೆ 5 ಡಾಲರ್ ಅಂತ ದರ ಹೇಳಿತು. ನೋಕಿಯಾ 2018ರಲ್ಲಿ 3 ಯೂರೊ ಅಂದಿತು. ನ್ಯಾಯವಾದ ದರ ಅಂದರೆ ಎಷ್ಟು ಅನ್ನುವ ಜಗಳ ಮಾತ್ರ ಕೋರ್ಟಿನಲ್ಲಿ ಮುಗಿಯುವುದೇ ಇಲ್ಲ. ನಮ್ಮ ದೆಹಲಿ ಹೈಕೋರ್ಟ್ 2024ರಲ್ಲಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕು ಅಂತ ಫೋನ್ ಮಾಡುವ ಲಾವಾ ಕಂಪನಿಗೆ ಆದೇಶ ಮಾಡಿತು. ಕಂಪನಿ ಸತ್ತರೂ ಪೇಟೆಂಟ್ ಸಾಯುವುದಿಲ್ಲ. ಕೆನಡಾದ ಟೆಲಿಕಾಂ ಕಂಪನಿ ನಾರ್ಟೆಲ್ 2009ರಲ್ಲಿ ದಿವಾಳಿಯಾಯಿತು. ಅದರ ಸುಮಾರು 6,000 ಪೇಟೆಂಟುಗಳನ್ನು 2011ರಲ್ಲಿ ಆಪಲ್, ಮೈಕ್ರೋಸಾಫ್ಟ್, ಎರಿಕ್ಸನ್, ಸೋನಿ ಮುಂತಾದವರು ಒಟ್ಟಾಗಿ 450 ಕೋಟಿ ಡಾಲರಿಗೆ ಕೊಂಡರು. ಬೇರೆ ದಿನ ಒಬ್ಬರ ಮೇಲೊಬ್ಬರು ಕೇಸು ಹಾಕುವವರೇ ಅವರೆಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಒಟ್ಟಿಗೆ ಬರೆದ ಸ್ಪೆಕ್ ಇದ್ದ ಮಾತ್ರಕ್ಕೆ ಬಾಗಿಲು ತೆರೆದೇ ಇರುತ್ತದೆ ಅಂತ ಇಲ್ಲ. ಟವರಿನ ಮೇಲಿರುವ ರೇಡಿಯೊ ಯೂನಿಟ್, ಕೆಳಗೆ ಪೆಟ್ಟಿಗೆಯಲ್ಲಿದ್ದು ಸಿಗ್ನಲ್ಲಿನ ಲೆಕ್ಕ ಮಾಡುವ ಬೇಸ್‌ಬ್ಯಾಂಡ್, ಇವೆರಡರ ನಡುವೆ ಫೈಬರ್ ಇದೆಯಲ್ಲ. ಅದರಲ್ಲಿ ಓಡುವ ಭಾಷೆಗೆ ಸಿಪಿಆರ್‌ಐ (ಕಾಮನ್ ಪಬ್ಲಿಕ್ ರೇಡಿಯೊ ಇಂಟರ್‌ಫೇಸ್) ಅಂತ ಹೆಸರು. 2003ರಲ್ಲಿ ಎರಿಕ್ಸನ್, ಹುವಾವೇ, ಎನ್‌ಇಸಿ, ನಾರ್ಟೆಲ್, ಸೀಮೆನ್ಸ್ ಸೇರಿ ಶುರುಮಾಡಿದ್ದು. ಹೆಸರಿನಲ್ಲಿ "ಕಾಮನ್" ಇದೆ, "ಪಬ್ಲಿಕ್" ಕೂಡ ಇದೆ. ಆದರೆ ಆ ಸ್ಪೆಕ್ ಒಳಗೇ ಪ್ರತಿ ಕಂಪನಿ ತನಗೆ ಬೇಕಾದ್ದು ತುಂಬಿಕೊಳ್ಳಲು ಜಾಗ ಬಿಟ್ಟಿದ್ದಾರೆ. ಹಾಗಾಗಿ ಒಬ್ಬರ ರೇಡಿಯೊ ಇನ್ನೊಬ್ಬರ ಬೇಸ್‌ಬ್ಯಾಂಡಿಗೆ ಸುಮ್ನೆ ಚುಚ್ಚಿದರೆ ಕೆಲಸ ಮಾಡುವುದಿಲ್ಲ. ಒಂದು ಕಂಪನಿಯ ಬೇಸ್‌ಬ್ಯಾಂಡ್ ಕೊಂಡ ಆಪರೇಟರ್ ರೇಡಿಯೊವನ್ನೂ ಅವರಿಂದಲೇ ಕೊಳ್ಳಬೇಕು. ಲ್ಯಾಬಿನಲ್ಲಿ ಆ ಫೈಬರ್ ಕೈಯಲ್ಲಿ ಹಿಡಿದಾಗೆಲ್ಲ ನನಗೆ ಇದು ನೆನಪಾಗುತ್ತಿತ್ತು. ಮುಷ್ಟಿಯಲ್ಲಿ ಹತ್ತು ಎಳೆ ಹಿಡಿಯಬಹುದಾದಷ್ಟು ಸಣ್ಣ ಹಳದಿ ಕೇಬಲ್, ಅದರ ಎರಡೂ ತುದಿಗೆ ಒಂದೇ ಕಂಪನಿಯ ಲೇಬಲ್ಲು.

ಆ ಬಾಗಿಲು ತಟ್ಟಿದವರು ದುಡ್ಡು ಕೊಡುವ ಆಪರೇಟರುಗಳೇ. 2018ರಲ್ಲಿ ಎಟಿ&ಟಿ, ಚೈನಾ ಮೊಬೈಲ್, ಡಾಯ್ಚ ಟೆಲಿಕಾಂ, ಡೊಕೊಮೊ, ಆರೆಂಜ್ ಸೇರಿ ಒ-ರಾನ್ ಕೂಟ ಕಟ್ಟಿದರು. ಒಬ್ಬರ ರೇಡಿಯೊ ಇನ್ನೊಬ್ಬರ ಬೇಸ್‌ಬ್ಯಾಂಡಿನ ಜೊತೆ ಕೂಡಬೇಕು ಅನ್ನುವುದೇ ಅವರ ಪಟ್ಟು. ನನ್ನ ಅಭಿಪ್ರಾಯ ಕೇಳಿದರೆ ಅವರ ಬೇಡಿಕೆ ನ್ಯಾಯವಾದದ್ದು. ಆದರೆ ಹೊಂದಿಸುವ ಕೆಲಸ ಎಷ್ಟು ಕಷ್ಟ ಅಂತ ತುಮಕೂರು ರಸ್ತೆಯಲ್ಲಿ ನೋಡಿದ ನನಗೆ, ಸ್ಪೆಕ್ ಬರೆದ ಮರುದಿನವೇ ಎಲ್ಲ ಕೂಡಿಬರುತ್ತದೆ ಅನ್ನುವ ಜಾಹೀರಾತಿನ ಮಾತಿನ ಮೇಲೆ ನಂಬಿಕೆ ಇಲ್ಲ. ಪ್ರತಿ ಐಚ್ಛಿಕ ಸಾಲಿಗೂ ಯಾರೋ ಇಬ್ಬರು ರಾತ್ರಿ ಕಾರಿನಲ್ಲಿ ಕೂರಬೇಕಾಗುತ್ತದೆ.

ಎದುರಾಳಿ ಇಲ್ಲವಾದರೆ ಒಳ್ಳೆಯದಾ? 2020ರಲ್ಲಿ ಸ್ವೀಡನ್ ಸರ್ಕಾರದ ಟೆಲಿಕಾಂ ನಿಯಂತ್ರಣ ಸಂಸ್ಥೆ ದೇಶದ 5ಜಿ ಜಾಲಗಳಿಂದ ಹುವಾವೇಯನ್ನು ಹೊರಗಿಟ್ಟಿತು. ಎರಿಕ್ಸನ್ ಸ್ವೀಡನ್‌ನ ಕಂಪನಿ. ಖುಷಿಪಡಬೇಕಿತ್ತು, ಅಲ್ವಾ? ಅದರ ಮುಖ್ಯಸ್ಥ ಬೋರ್ಯೆ ಎಕ್‌ಹೋಮ್ ಬಹಿರಂಗವಾಗಿ ಆ ನಿಷೇಧವನ್ನು ಟೀಕಿಸಿದರು. ಚೀನಾದಲ್ಲಿ ಎರಿಕ್ಸನ್‌ಗೆ ದೊಡ್ಡ ವ್ಯಾಪಾರ ಇತ್ತು, ಅದಕ್ಕೆ ಪೆಟ್ಟು ಬೀಳುವ ಭಯ ಇತ್ತು. ಅದು ಕಾರಣ ಹೌದು. ಆದರೆ ಅದೊಂದೇ ಅಲ್ಲ ಅಂತ ನಾನು ನಂಬುತ್ತೇನೆ. ಜಗತ್ತು ಎರಡು ಸ್ಟಾಂಡರ್ಡ್ ಆಗಿ ಒಡೆದರೆ ಎಲ್ಲರಿಗೂ ಖರ್ಚು ಜಾಸ್ತಿ. 2019ರಲ್ಲಿ ಅಮೆರಿಕ ಹುವಾವೇಯನ್ನು ನಿರ್ಬಂಧದ ಪಟ್ಟಿಗೆ ಹಾಕಿದಾಗ, ಅವರು ಕೂತಿರುವ ಸಭೆಯಲ್ಲಿ ಮಾತಾಡಬಹುದಾ ಇಲ್ವಾ ಅಂತ ಅಮೆರಿಕದ ಕಂಪನಿಗಳಿಗೇ ಗೊಂದಲವಾಗಿತ್ತು. 2020ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ನಿಯಮ ತಿದ್ದಿ, ಸ್ಟಾಂಡರ್ಡ್ ಬರೆಯುವ ಕೆಲಸಕ್ಕೆ ಅಡ್ಡಿಯಿಲ್ಲ ಅಂದಿತು. 2023ರ ಆಗಸ್ಟ್‌ನಲ್ಲಿ ಎರಿಕ್ಸನ್ ಮತ್ತು ಹುವಾವೇ ಒಬ್ಬರ ಪೇಟೆಂಟನ್ನು ಒಬ್ಬರು ಬಳಸುವ ದೀರ್ಘ ಕಾಲದ ಒಪ್ಪಂದಕ್ಕೆ ಸಹಿ ಹಾಕಿದವು.

ನಮ್ಮ ಪಾಲು ಏನು ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. 1986ರಲ್ಲಿ ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತಾನೇ ಮಾಡಿದ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ಮೊದಲು ಹೂಡಿದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಇಲ್ಲದೆ, ಧೂಳಿನಲ್ಲೂ ನಡೆಯುವ ಯಂತ್ರ. ಅದರ ಡಿಸೈನನ್ನು ಹಲವು ಕಾರ್ಖಾನೆಗಳಿಗೆ ಕೊಟ್ಟರು. ಒಂದೇ ಯಂತ್ರ, ಮಾಡುವವರು ಹಲವರು. ಆಮೇಲೆ ಮೊಬೈಲ್ ಬಂತು. ಬೆಂಗಳೂರಿನಲ್ಲಿ ಎಲ್ಲ ಕಂಪನಿಗಳೂ ಆಫೀಸು ತೆರೆದವು. ಹುವಾವೇ ಬಂದದ್ದು 1999ರಲ್ಲೇ. ಸಾವಿರಾರು ಜನ ಕೋಡ್ ಬರೆದೆವು, ಟೆಸ್ಟ್ ಮಾಡಿದೆವು. ಸ್ಪೆಕ್ ಮಾತ್ರ ಬೇರೆ ಕಡೆ ತಯಾರಾಗಿ ಬರುತ್ತಿತ್ತು. ಯಾವ ಜಗಳದಿಂದ ಆ ಸಾಲು ಹುಟ್ಟಿತು ಅಂತ ಗೊತ್ತಿಲ್ಲದೇ ನಾವು ಅದನ್ನು ಪಾಲಿಸುತ್ತಿದ್ದೆವು.

ಅದನ್ನು ಬದಲಾಯಿಸಲು ಹೊರಟದ್ದು 2014ರಲ್ಲಿ ಶುರುವಾದ ಟಿಎಸ್‌ಡಿಎಸ್‌ಐ, ಭಾರತದ ಟೆಲಿಕಾಂ ಸ್ಟಾಂಡರ್ಡ್ಸ್ ಸಂಸ್ಥೆ. ಅವರು ಎತ್ತಿದ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. 5ಜಿ ಪರೀಕ್ಷೆಯಲ್ಲಿ ಹಳ್ಳಿ ಅಂದರೆ ಟವರಿನಿಂದ ಟವರಿಗೆ ಸುಮಾರು 1.7 ಕಿಲೋಮೀಟರ್ ಅಂತ ಲೆಕ್ಕ ಇತ್ತು. ನಮ್ಮ ಹಳ್ಳಿಗಳಲ್ಲಿ ಅಷ್ಟು ಹತ್ತಿರ ಟವರು ಯಾರು ಹಾಕುತ್ತಾರೆ? 6 ಕಿಲೋಮೀಟರ್ ಇಟ್ಟು ಪರೀಕ್ಷೆ ಮಾಡಿ ಅಂತ ಭಾರತ ಕೇಳಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದನ್ನು 5ಜಿಯ ಅಗತ್ಯಗಳಲ್ಲಿ ಸೇರಿಸಿಕೊಂಡಿತು. ಅದಕ್ಕೆ ತಕ್ಕಂತೆ 5ಜಿಐ ಅನ್ನುವ ನಮ್ಮದೇ ಸ್ಟಾಂಡರ್ಡ್ ಬಂತು, ಐಐಟಿಗಳ ಕೆಲಸದಿಂದ. ಆಗ ಇಲ್ಲಿನ ಆಪರೇಟರುಗಳೇ ವಿರೋಧಿಸಿದರು. ನಮಗೊಂದು, ಜಗತ್ತಿಗೊಂದು ಆದರೆ ಫೋನಿನ ಬೆಲೆ ಏರುತ್ತದೆ ಅಂತ. ನಾನು ಮೊದಲು 5ಜಿಐ ಪರ ಇದ್ದೆ, ಬಹಳ ಅಭಿಮಾನದಿಂದಲೇ. ಕೊನೆಗೆ 2021ರ ಡಿಸೆಂಬರ್‌ನಲ್ಲಿ ಅದನ್ನು 3ಜಿಪಿಪಿ ಸ್ಪೆಕ್‌ನ ಮುಂದಿನ ಆವೃತ್ತಿಯಾದ ರಿಲೀಸ್ 17ರೊಳಗೇ ಸೇರಿಸುವ ತೀರ್ಮಾನವಾಯಿತು. ಮೊದಲು ಸೋತ ಹಾಗೆ ಅನ್ನಿಸಿತು. ಈಗ ಹಾಗನ್ನಿಸುವುದಿಲ್ಲ. ಬೇರೆ ಬಾವಿ ತೋಡಿದ್ದರೆ ನಮ್ಮ ಸಾಲು ನಮ್ಮಲ್ಲೇ ಉಳಿಯುತ್ತಿತ್ತು. ಈಗ ಅದು ಎಲ್ಲರೂ ಓದುವ ಪುಸ್ತಕದಲ್ಲಿದೆ.

2025ರ ಆಗಸ್ಟ್ ಕೊನೆಯ ವಾರ 3ಜಿಪಿಪಿಯ ಆ ರೇಡಿಯೊ ಗುಂಪಿನ ಸಭೆ ಬೆಂಗಳೂರಿನಲ್ಲೇ ನಡೆಯಿತು. 6ಜಿಯ ಅಧ್ಯಯನದ ಮಾತು ಅಲ್ಲಿ ಮೊದಲಾಯಿತು. ನಮ್ಮ ಟೀಮಿನ ಇಬ್ಬರು ಹುಡುಗರು ಒಳಗೆ ಹೋಗಿದ್ದರು. ಇಬ್ಬರಿಗೂ ಮೂವತ್ತು ತುಂಬಿಲ್ಲ. ರಾತ್ರಿ ಬಂದು ಯಾರು ಏನಂದರು, ಯಾರು ಯಾಕೆ ಆಕ್ಷೇಪ ಎತ್ತಿದರು ಅಂತ ಗಂಟೆಗಟ್ಟಲೆ ಹೇಳಿದರು. ಒಬ್ಬನ ಗಂಟಲು ಕೂತುಹೋಗಿತ್ತು. ಅವನು ಬರೆದುಕೊಂಡು ಹೋಗಿದ್ದ ಒಂದು ಸಂಖ್ಯೆಗೆ ಎದುರಾಳಿ ಕಂಪನಿಯವರೊಬ್ಬರು ಕಾಫಿ ಬಿಡುವಿನಲ್ಲಿ ಬಂದು, ನಿನ್ನ ಸಿಮ್ಯುಲೇಷನ್‌ನಲ್ಲಿ ಇಂಥ ಕಡೆ ತಪ್ಪಿದೆ, ಸರಿಮಾಡಿಕೊಂಡು ಬಾ ಅಂದರಂತೆ. ತುಂಬಿದ ಸಭೆಯಲ್ಲೇ ಅದನ್ನು ಹೇಳಬಹುದಿತ್ತು.

ಆ ಶನಿವಾರ ಧಾರವಾಡದ ಸರ್‌ಗೆ ಫೋನ್ ಮಾಡಿದೆ. ಅವರೀಗ ನಿವೃತ್ತರಾಗಿ ಊರಲ್ಲೇ ಇದ್ದಾರೆ. ಸಭೆಯ ಸುದ್ದಿ ಅವರಿಗೂ ಗೊತ್ತಿತ್ತು. ದಾಖಲೆಗಳನ್ನೂ ಇಳಿಸಿಕೊಂಡು ಓದಿದ್ದರು. ಆರೋಗ್ಯ, ಮನೆ, ಮಳೆ ಎಲ್ಲ ಮಾತಾಡಿದ ಮೇಲೆ ಕೇಳಿದರು.

"ನಿಮ್ಮ ಹುಡುಗನ ನಂಬರ್ ಏನಾತ್ರಿ? ಬ್ರಾಕೆಟ್ ತಗದ್ರೇನು?"

"ಇಲ್ಲ ಸರ್. ಇನ್ನೂ ಒಳಗೇ ಇದೆ."

"ಇರ್ಲಿ ಬಿಡ್ರಿ," ಅಂದರು. "ಆ ಲೆಕ್ಕ ನನಗೊಂದಿಷ್ಟು ಕಳಸ್ರಿ, ನೋಡ್ತೀನಿ."